ಆಚೆ ಹೋದರೆ ಚಿಹ್ನೆ ಬದಲು

ನಮ್ಮ ಊರಿನ ಹೆಸರಿನಲ್ಲೇ ಒಂದು ಸಮೀಕರಣ ಉಂಟು. ಕಬಕ. ಎಡದಿಂದ ಓದಿ, ಬಲದಿಂದ ಓದಿ, ಅದೇ. ನಡುವಿನ ‘ಬ’ ತಕ್ಕಡಿಯ ಮುಳ್ಳು, ಆಚೆ ಒಂದು ‘ಕ’, ಈಚೆ ಒಂದು ‘ಕ’. ಬಸ್ಸಿನ ಬೋರ್ಡಿನಲ್ಲಿ, ಅಂಗಡಿಗಳ ಹಣೆಯ ಮೇಲೆ ದಿನಾ ಕಾಣುತ್ತಿದ್ದ ಈ ಹೆಸರು ನನ್ನ ತಲೆಯೊಳಗೆ ಹೋದದ್ದು ಪಾಠ ಮಾಡಲು ತೊಡಗಿ ಹದಿನೈದು ವರ್ಷ ಕಳೆದ ಮೇಲೆ. ಅದೂ ಒಬ್ಬಳು ಹುಡುಗಿ ಹೇಳಿದ್ದಕ್ಕೆ. ಅವಳ ಕತೆ ಮುಂದೆ ಬರುತ್ತದೆ.

ನಾನು ಗಣಿತದ ಮಾಷ್ಟ್ರು. ಮಾಣಿ-ಮೈಸೂರು ಹೆದ್ದಾರಿಯಿಂದ ವಿಟ್ಲದ ರಸ್ತೆ ಕವಲೊಡೆಯುವ ಈ ಆಸುಪಾಸಿನಲ್ಲೇ ಹೈಸ್ಕೂಲು ಮಕ್ಕಳಿಗೆ ಪಾಠ ಮಾಡಿ ನಿವೃತ್ತನಾದೆ. ಸಮೀಕರಣದಲ್ಲಿ ಬೇಕಾದ ಅಕ್ಷರವನ್ನು ಒಂದು ಬದಿಯಲ್ಲಿ ಒಂಟಿಯಾಗಿ ನಿಲ್ಲಿಸುವುದು, ಉಳಿದದ್ದೆಲ್ಲ ಇನ್ನೊಂದು ಬದಿಗೆ. ಹೇಳಲು ಇಷ್ಟೇ. ಇಷ್ಟನ್ನು ಮಕ್ಕಳಿಗೆ ಎಷ್ಟು ವಿಧದಲ್ಲಿ ತಪ್ಪಾಗಿ ಹೇಳಿಕೊಡಬಹುದು ಎಂಬುದನ್ನು ಮಾತ್ರ ನಾನು ಚೆನ್ನಾಗಿ ಬಲ್ಲೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪುಸ್ತಕದಲ್ಲಿ ಎಕ್ಸ್ ಎಂದಿರುವ ಕಡೆ ನಾನಿಲ್ಲಿ ‘ಯಾ’ ಎಂದು ಬರೆಯುತ್ತೇನೆ. ಇದು ನನ್ನ ಶೋಧನೆಯಲ್ಲ. 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯರು ಗೊತ್ತಿಲ್ಲದ ಸಂಖ್ಯೆಯನ್ನು ‘ಯಾವತ್ತಾವತ್’, ಅಂದರೆ ಎಷ್ಟೋ ಅಷ್ಟು, ಎಂದು ಕರೆದು ಚುಟುಕಾಗಿ ‘ಯಾ’ ಎಂದು ಬರೆದರು. ಎರಡನೆಯದು ಬೇಕಾದರೆ ಬಣ್ಣಗಳ ಹೆಸರು: ಕಾಲಕ, ನೀಲಕ, ಪೀತಕ. ತರಗತಿಯಲ್ಲಿ ಇದನ್ನು ಹೇಳಿದ ದಿನ ಹಿಂದಿನ ಬೆಂಚಿನವನೊಬ್ಬ, “ಹಾಗಾದರೆ ಯಾ ಅಂದರೆ ಯಾರಿಗೆ ಗೊತ್ತು ಅಂತವಾ ಸರ್?” ಎಂದಿದ್ದ. ಅದಕ್ಕಿಂತ ಒಳ್ಳೆಯ ವ್ಯಾಖ್ಯೆ ನನಗೆ ಈವರೆಗೆ ಸಿಕ್ಕಿಲ್ಲ.

1. ನನ್ನ ಜೋಕು ಚೆನ್ನಾಗಿತ್ತು, ತೊಂದರೆಯಾದದ್ದೇ ಅದರಿಂದ.

ಒಂದು ಬದಿಯ ಪದವನ್ನು ಇನ್ನೊಂದು ಬದಿಗೆ ಒಯ್ಯುವುದಕ್ಕೆ ಕನ್ನಡದಲ್ಲಿ ಪಕ್ಷಾಂತರ ಎನ್ನುತ್ತೇವೆ. 1985ರಲ್ಲಿ ಪಕ್ಷಾಂತರ ನಿಷೇಧದ ಕಾನೂನು ಬಂತು, ಪೇಪರಿನಲ್ಲೆಲ್ಲ ಅದೇ ಶಬ್ದ. ನಾನು ಕೆಲಸಕ್ಕೆ ಸೇರಿದ್ದು ಅದಾಗಿ ಕೆಲವೇ ವರ್ಷಕ್ಕೆ. ಹೊಸ ಮಾಷ್ಟ್ರಿಗೆ ಇನ್ನೇನು ಬೇಕು! “ನೋಡಿ ಮಕ್ಕಳೇ, ಪಕ್ಷಾಂತರ ಮಾಡಿದವನ ಚಿಹ್ನೆ ಬದಲಾಗುತ್ತದೆ. ಕೂಡು ಇದ್ದದ್ದು ಆಚೆ ಹೋದರೆ ಕಳೆ, ಕಳೆ ಇದ್ದದ್ದು ಆಚೆ ಹೋದರೆ ಕೂಡು.” ಮಕ್ಕಳು ನಕ್ಕರು, ನಾನೂ ನಕ್ಕೆ. ವರ್ಷವರ್ಷವೂ ಅದೇ ಜೋಕು, ಅದೇ ನಗು.

ಪರೀಕ್ಷೆಯಲ್ಲಿ 3ಯಾ = 12 ಕೊಟ್ಟೆ. ಒಬ್ಬ ಹುಡುಗನ ಉತ್ತರ: ಯಾ = −4. ಕರೆದು ಕೇಳಿದೆ. “ಮೂರು ಪಕ್ಷಾಂತರ ಮಾಡಿತಲ್ಲ ಸರ್, ಚಿಹ್ನೆ ಬದಲಾಯಿತು. ಹನ್ನೆರಡನ್ನು ಮೈನಸ್ ಮೂರರಿಂದ ಭಾಗಿಸಿದೆ.” ಇನ್ನೊಬ್ಬಳ ಉತ್ತರ 9. ಅವಳು ಹನ್ನೆರಡರಿಂದ ಮೂರು ಕಳೆದಿದ್ದಳು. ಇಬ್ಬರಿಗೂ ಸೊನ್ನೆ ಕೊಟ್ಟು, ಗಮನ ಸಾಲದು ಎಂದು ಬೈದು ಕಳಿಸಿದೆ. ಅವರ ಗಮನದಲ್ಲಿ ಕೊರತೆ ಇರಲಿಲ್ಲ. ನನ್ನ ಮಾತನ್ನು ಅಕ್ಷರಶಃ ಪಾಲಿಸಿದವರು ಇಡೀ ತರಗತಿಯಲ್ಲಿ ಅವರಿಬ್ಬರೇ. ಇದು ನನಗೆ ಹೊಳೆಯಲು ಬೇಕಾದ ವರ್ಷಗಳನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ.

ನಿಜವಾಗಿ ನೋಡಿದರೆ ಯಾರೂ ಎಲ್ಲಿಗೂ ಹೋಗುವುದಿಲ್ಲ. 3ಯಾ + 5 = 20 ಎಂಬಲ್ಲಿ ಎರಡೂ ಬದಿಯಿಂದ ಐದೈದು ಕಳೆಯುತ್ತೇವೆ. ಎಡಬದಿಯ ಐದು ಅಲ್ಲೇ ತೀರಿಹೋಗುತ್ತದೆ, ಬಲಬದಿಯ ಇಪ್ಪತ್ತು ಹದಿನೈದಾಗುತ್ತದೆ. ಆಮೇಲೆ ಎರಡೂ ಬದಿಯನ್ನು ಮೂರರಿಂದ ಭಾಗಿಸುತ್ತೇವೆ, ಯಾ = 5. ದೂರದಿಂದ ನೋಡಿದವನಿಗೆ ಐದು ಎಂಬುದು ಗೆರೆ ದಾಟಿ, ಅಂಗಿ ಬದಲಾಯಿಸಿ ಆಚೆ ಕೂತ ಹಾಗೆ ಕಾಣುತ್ತದೆ. ಆ ಕಾಣುವಿಕೆಯನ್ನೇ ನಾನು ನಿಯಮ ಎಂದು ಮಾರುತ್ತಿದ್ದೆ. 9ನೇ ಶತಮಾನದ ಬಾಗ್ದಾದಿನಲ್ಲಿ ಅಲ್-ಖ್ವಾರಿಜ್ಮಿ, ಕಳೆದಿರುವ ಪದವನ್ನು ಎರಡೂ ಬದಿಗೆ ಕೂಡಿಸಿ ತುಂಬುವ ಇಂಥದೇ ಕೆಲಸಕ್ಕೆ ‘ಅಲ್-ಜಬ್ರ್’ ಎಂದ. ಇಂಗ್ಲಿಷಿನ ಆಲ್ಜೀಬ್ರ ಅದರಿಂದಲೇ ಬಂದದ್ದು. ಆ ಶಬ್ದಕ್ಕೆ ಮುರಿದ ಎಲುಬನ್ನು ಕೂಡಿಸುವುದು ಎಂಬ ಅರ್ಥವೂ ಉಂಟು. ಅವನದು ಎಲುಬು ಕೂಡಿಸುವ ವೈದ್ಯಕೀಯ, ನನ್ನದು ಪಕ್ಷ ಬಿಟ್ಟವರ ರಾಜಕೀಯ.

ಜೋಕನ್ನು ಪೂರ್ತಿ ಬಿಟ್ಟಿರಲಿಲ್ಲ ಎಂದೂ ಒಪ್ಪಿಕೊಳ್ಳಬೇಕು. ಆದರೆ ಕೊನೆಯ ವರ್ಷಗಳಲ್ಲಿ ಅದನ್ನು ಪಾಠದ ಮೊದಲ ದಿನ ಹೇಳದೆ ಹದಿನೈದು ದಿನ ಕಳೆದ ಮೇಲೆ ಹೇಳುತ್ತಿದ್ದೆ.

2. ಸಮ ಚಿಹ್ನೆ ಎಂದರೆ “ಉತ್ತರ ಬರೆ” ಎಂದಲ್ಲ.

ಯಾ + 3 = 7 ಕೊಟ್ಟರೆ ಎಲ್ಲರೂ ಮಾಡುತ್ತಾರೆ. 7 = ಯಾ + 3 ಕೊಡಿ, ಅರ್ಧ ತರಗತಿ ಪೆನ್ನು ಕಚ್ಚಿ ಕೂರುತ್ತದೆ. “ಇದು ಉಲ್ಟಾ ಉಂಟು ಸರ್.” ನಾನು ಏನು ಮಾಡುತ್ತಿದ್ದೆ? “ತಿರುಗಿಸಿ ಬರೆಯಿರಿ” ಎಂದು ದಾಟಿಬಿಡುತ್ತಿದ್ದೆ. ಒಂದನೇ ಕ್ಲಾಸಿನಿಂದ ಅವರಿಗೆ ಸಮ ಚಿಹ್ನೆ ಅಂದರೆ ಕ್ಯಾಲ್ಕ್ಯುಲೇಟರಿನ ಗುಂಡಿ. ಎಡಗಡೆ ಲೆಕ್ಕ, ಒತ್ತಿದರೆ ಬಲಗಡೆ ಉತ್ತರ. ಹಾಗಾಗಿಯೇ 5 + 3 = 8 × 2 = 16 ಎಂದು ಒಂದೇ ಉಸಿರಿಗೆ ಬರೆಯುತ್ತಾರೆ. ಮೊದಲ ಸಮ ಚಿಹ್ನೆಯ ಎಡಕ್ಕೆ ಎಂಟು, ಬಲಕ್ಕೆ ಹದಿನಾರು. ಬೋರ್ಡಿನ ಮೇಲೆ ಹಾಗೆ ಬರೆಯುವ ಚಾಳಿ ನನಗೂ ಇತ್ತು.

ವಿಟ್ಲ ರಸ್ತೆಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಒಂದು ದಿನ ನೋಟ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಕ ಬ ಕ ಎಂದು ದೊಡ್ಡದಾಗಿ ಬರೆದಿದ್ದಳು. ಏನಿದು ಎಂದೆ. “ನಮ್ಮ ಊರು ಎರಡೂ ಕಡೆಯಿಂದ ಒಂದೇ ಸರ್. ಸಮ ಚಿಹ್ನೆಯೂ ಹಾಗೇ ಅಲ್ಲವಾ?” ಸಮ ಚಿಹ್ನೆಗೆ ಎರಡು ಸಮಾಂತರ ಗೆರೆಗಳನ್ನು 1557ರಲ್ಲಿ ಅಚ್ಚು ಹಾಕಿದವನು ರಾಬರ್ಟ್ ರೆಕಾರ್ಡ್ ಎಂಬ ವೇಲ್ಸಿನವನು, ಎರಡು ಸಮಾಂತರ ಗೆರೆಗಳಿಗಿಂತ ಸಮವಾದ ವಸ್ತು ಬೇರೆ ಇಲ್ಲ ಎಂಬುದು ಅವನ ಸಮರ್ಥನೆ. ನಾನು ಆ ಕತೆಯನ್ನು ಹತ್ತು ಸಲ ಹೇಳಿದ್ದರೂ ಆಗದ ಕೆಲಸ ‘ಕಬಕ’ದಿಂದ ಒಂದೇ ದಿನದಲ್ಲಿ ಆಯಿತು. ಅಂದಿನಿಂದ ವಾರಕ್ಕೆ ಎರಡು ದಿನ ಎಲ್ಲ ಸಮೀಕರಣಗಳನ್ನೂ ಬಲದಿಂದ ಎಡಕ್ಕೆ ಕೊಡುತ್ತಿದ್ದೆ. ಮಕ್ಕಳು ಅವಕ್ಕೆ ‘ಪುತ್ತೂರಿನಿಂದ ಬರುವ ಬಸ್ಸು’ ಎಂದು ಹೆಸರಿಟ್ಟರು.

ಊರಿನ ಮಾತು ಬಂದದ್ದಕ್ಕೆ ಇದೊಂದು ಸೇರಿಸುತ್ತೇನೆ. ರೈಲ್ವೆಯವರ ‘ಕಬಕ ಪುತ್ತೂರು’ ನಿಲ್ದಾಣ ಇರುವುದು ಪುತ್ತೂರು ಪೇಟೆಯಲ್ಲಿ. ಹೆಸರು ನಂಬಿ ಇಳಿದವನು ಕಬಕಕ್ಕೆ ಬಸ್ಸೋ ರಿಕ್ಷಾವೋ ಹುಡುಕಬೇಕು. ಎರಡು ಪದ ಅಂಟಿಕೊಂಡಿರುವಾಗ ಬೇಕಾದ ಒಂದನ್ನು ಬಿಡಿಸಿ ತರುವುದಕ್ಕೆ ಬೇರೆ ಖರ್ಚೇ ಉಂಟು.

3. ತಕ್ಕಡಿ ತಂದೆ, ತಕ್ಕಡಿಯೇ ಕೈಕೊಟ್ಟಿತು.

ತರಬೇತಿಯೊಂದರಲ್ಲಿ ಸಮೀಕರಣಕ್ಕೆ ತಕ್ಕಡಿ ಬಳಸಿ ಎಂದಿದ್ದರು. ಹಳೇ ದಿನಸಿ ಅಂಗಡಿಯೊಂದರ ಅಟ್ಟದಿಂದ ತುಕ್ಕು ಹಿಡಿದ ತಕ್ಕಡಿ ಬೇಡಿ ತಂದೆ. ಅಂಗಡಿಗಳಿಗೆಲ್ಲ ಎಲೆಕ್ಟ್ರಾನಿಕ್ ತೂಕದ ಯಂತ್ರ ಬಂದಾಗಿತ್ತು. ಹಾಗಾಗಿ ಅರ್ಧ ಪಿರಿಯಡ್ ತಕ್ಕಡಿ ಎಂದರೇನು ಎಂದು ವಿವರಿಸುವುದಕ್ಕೇ ಹೋಯಿತು. ಉಳಿದರ್ಧದಲ್ಲಿ ಬೆಲ್ಲದ ಪೊಟ್ಟಣ ಇಟ್ಟು ಯಾ + 2 = 5 ತೋರಿಸಿದೆ. ಎಲ್ಲರಿಗೂ ಖುಷಿ. ಮರುದಿನ ಯಾ + 7 = 3 ಬಂತು. ಪೊಟ್ಟಣದ ತೂಕ ಮೈನಸ್ ನಾಲ್ಕು. ಬೆಲ್ಲ ಎಲ್ಲಿಂದ ತರಲಿ?

ಒಬ್ಬ ಎದ್ದು, “ಗ್ಯಾಸ್ ಬಲೂನು ಕಟ್ಟಿದರೆ ಸರ್?” ಎಂದ. ಏಪ್ರಿಲಿನಲ್ಲಿ ಪುತ್ತೂರು ಮಹಾಲಿಂಗೇಶ್ವರನ ಜಾತ್ರೆಗೆ ಹೋದ ಮಕ್ಕಳಿಗೆಲ್ಲ ಮೇಲಕ್ಕೆ ಎಳೆಯುವ ಆ ಬಲೂನು ಗೊತ್ತು. ತರಲೆ ಎಂದು ಅವನನ್ನು ಕೂರಿಸಿದೆ. ಮನೆಗೆ ಬಂದು ಚಹಾ ಕುಡಿಯುವಾಗ ಹೊಳೆಯಿತು, ತಟ್ಟೆಯನ್ನು ಮೇಲಕ್ಕೆಳೆಯುವ ಬಲೂನು ಕಳೆಯುವ ಸಂಖ್ಯೆಗೆ ಹೇಳಿ ಮಾಡಿಸಿದ ಚಿತ್ರ. ನನ್ನ ಹತ್ತಿರ ಅಂಥದೊಂದು ಉಪಾಯವೂ ಇರಲಿಲ್ಲ. ಮರುದಿನ ಅವನ ಹತ್ತಿರ ತಪ್ಪಾಯಿತು ಎಂದು ಹೇಳಬೇಕಿತ್ತು. ಹೇಳಲಿಲ್ಲ. ಅದು ಈಗಲೂ ಒಂದು ಬಾಕಿ.

4. ಕಡೆಗೆ ತೊಟ್ಟದ್ದನ್ನು ಮೊದಲು ಬಿಚ್ಚಬೇಕು.

ಒಂದು ಮಳೆಗಾಲ ತರಗತಿಯಲ್ಲೊಬ್ಬನಿಗೆ ಜ್ವರ. ಸ್ಟಾಫ್ ರೂಮಿನ ಥರ್ಮಾಮೀಟರು 102 ತೋರಿಸಿತು, ಫ್ಯಾರನ್‌ಹೀಟ್. ಇದನ್ನೇ ಪಾಠ ಮಾಡೋಣ ಎಂದು ಬೋರ್ಡಿನ ಮೇಲೆ ಸೂತ್ರ ಬರೆದೆ: ಫ್ಯಾ = 9/5 ಸೆ + 32. ಸೆಲ್ಸಿಯಸ್ ಬೇಕು, ಸೆ ಒಂಟಿಯಾಗಬೇಕು. ಜಂಬದಲ್ಲಿ ಒಂದೇ ಸಾಲಿನಲ್ಲಿ ಬರೆದೆ: ಸೆ = 5/9 ಫ್ಯಾ − 32. ಮಕ್ಕಳು ಲೆಕ್ಕ ಮಾಡಿದರು. ಉತ್ತರ 24.7. ಮೈ ಸುಡುತ್ತಿದ್ದ ಹುಡುಗ ನನ್ನ ಲೆಕ್ಕದಲ್ಲಿ ಬಾವಿ ನೀರಿನ ಹಾಗೆ ತಂಪಾಗಿ ಕೂತಿದ್ದ. ಯಾರೂ ಏನೂ ಹೇಳಲಿಲ್ಲ. ಮಾಷ್ಟ್ರು ಬರೆದದ್ದಲ್ಲವೇ?

ತಪ್ಪು ಎಲ್ಲಿ? ಸೆಲ್ಸಿಯಸ್‌ಗೆ ಮೊದಲು 9/5ರ ಗುಣಾಕಾರ ಆಗಿತ್ತು, ಆಮೇಲೆ 32 ಕೂಡಿತ್ತು. ಹಿಂದೆ ಬರುವಾಗ 32 ಮೊದಲು ಹೋಗಬೇಕು. 102ರಿಂದ 32 ಕಳೆದರೆ 70, ಅದರ 5/9 ಅಂದರೆ 38.9. ಜ್ವರ ಸರಿಯಾಗಿಯೇ ಉಂಟು. ನಾನು ಗುಣಾಕಾರವನ್ನು ಮೊದಲು ಬಿಚ್ಚಲು ಹೋಗಿ 32ನ್ನು 5/9ರಿಂದ ಗುಣಿಸುವುದನ್ನು ಮರೆತೆ.

ಇದನ್ನು ಹೇಳಲು ನನಗೆ ಸಿಕ್ಕಿದ ಅತ್ಯುತ್ತಮ ಜಾಗ ಯಕ್ಷಗಾನದ ಚೌಕಿ. ವೇಷಧಾರಿ ಮೊದಲು ಮುಖಕ್ಕೆ ಬಣ್ಣ ಹಾಕುತ್ತಾನೆ, ಆಮೇಲೆ ಬಟ್ಟೆ, ಆಭರಣ, ಎಲ್ಲ ಆದ ಮೇಲೆ ತಲೆಗೆ ಕಿರೀಟ. ಬೆಳಗಿನ ಜಾವ ಚೌಕಿಗೆ ಮರಳಿದವನು ಮೊದಲು ಇಳಿಸುವುದು ಕಿರೀಟವನ್ನು. ಕಿರೀಟ ಇಟ್ಟುಕೊಂಡೇ ಬಣ್ಣ ಒರೆಸಲು ಹೋದವನ ಅವಸ್ಥೆಯೇ ಬೋರ್ಡಿನ ಮುಂದೆ ನನ್ನದಾಗಿತ್ತು. ಮೇಳ ನೋಡುವ ಮಕ್ಕಳಿಗೆ ಇದನ್ನು ಎರಡನೇ ಸಲ ಹೇಳಬೇಕಾಗಿ ಬರಲಿಲ್ಲ. ಲೆಕ್ಕ ಕಷ್ಟವಾದಾಗ “ಕಿರೀಟ ಯಾವುದು?” ಎಂದಷ್ಟೇ ಕೇಳುತ್ತಿದ್ದೆ.

ಈ ದಾರಿ ಹೊಸದೇನೂ ಅಲ್ಲ. 499ರ ಆರ್ಯಭಟೀಯದಲ್ಲೇ ಇದು ಉಂಟು: ಕೊನೆಯಿಂದ ಹಿಂದಕ್ಕೆ ನಡೆ, ಗುಣಿಸಿದ್ದಲ್ಲಿ ಭಾಗಿಸು, ಭಾಗಿಸಿದ್ದಲ್ಲಿ ಗುಣಿಸು, ಕೂಡಿದ್ದಲ್ಲಿ ಕಳೆ. ವಿಲೋಮ ಕ್ರಿಯೆ ಎಂದು ಅದರ ಹೆಸರು. ನಾನದನ್ನು ಕಾಲೇಜಿನಲ್ಲಿ ಓದಿ ಪಾಸೂ ಆಗಿದ್ದೆ. ಓದಿದ್ದು ಒಂದು ಬದಿ, ಬೋರ್ಡಿನಲ್ಲಿ ಬರೆದದ್ದು ಇನ್ನೊಂದು ಬದಿ. ನಡುವೆ ಸಮ ಚಿಹ್ನೆ ಇರಲಿಲ್ಲ.

5. ರೂಪಾಯಿಗೆ ಗೋಣಿ ಕೂಡಿಸಬಾರದು.

ತರಗತಿಯ ಹೊರಗೂ ಎಡವಿದ್ದೇನೆ. ಮನೆಯ ಅಂಗಳದಲ್ಲಿ ಒಣಗಿಸಿ ಸುಲಿದ ಚಾಲಿ ಅಡಿಕೆ ಒಂದು ಗೋಣಿ ಮಾರಾಟಕ್ಕೆ ಹೋಯಿತು. ಲೆಕ್ಕ ಸುಲಭವಾಗಲೆಂದು ದುಂಡು ಅಂಕಿಯಲ್ಲೇ ಹೇಳುತ್ತೇನೆ: ಕಿಲೋಗೆ 400 ರೂಪಾಯಿ, ಗೋಣಿಯ ತೂಕ 1 ಕಿಲೋ, ಕೈಗೆ ಬಂದದ್ದು 26,000. ಸೂತ್ರ ಹೀಗೆ: ಹಣ = ದರ × (ಒಟ್ಟು ತೂಕ − ಗೋಣಿ ತೂಕ). ಮನೆಯಲ್ಲಿ ತೂಗಿದಾಗ ಗೋಣಿ ಸೇರಿ 66 ಕಿಲೋ ಇತ್ತು. ಅಂಗಡಿಯವರು ಎಷ್ಟು ಹಿಡಿದಿದ್ದಾರೆ ಎಂದು ನೋಡಲು ಒಟ್ಟು ತೂಕವನ್ನು ಒಂಟಿ ಮಾಡಿದೆ: (ಹಣ + ಗೋಣಿ) ÷ ದರ. 26,001 ಭಾಗಿಸು 400, ಬಂತು 65.0025.

ಒಂದು ಕಿಲೋ ಹೊಡೆದರು! ಛತ್ರಿ ಹಿಡಿದು ಅಂಗಡಿಗೆ ಹೋಗಿ, ಜಗಳಕ್ಕೆ ಒಂದು ಮೆಟ್ಟಿಲು ಕೆಳಗಿನ ಸ್ವರದಲ್ಲಿ ಮಾತು ತೆಗೆದೆ. ಲೆಕ್ಕ ಬರೆಯುತ್ತಿದ್ದ ಹುಡುಗ ನನ್ನದೇ ಹಳೇ ವಿದ್ಯಾರ್ಥಿ. ಚೀಟಿ ತೆಗೆದುಕೊಂಡು ನೋಡಿದ. ತುಂಬಾ ಹೊತ್ತು ನೋಡಿದ, ಪಾಪ, ಹೇಗೆ ಹೇಳುವುದೆಂದು ಗೊತ್ತಾಗದೆ. “ಸರ್, ಇಪ್ಪತ್ತಾರು ಸಾವಿರ ರೂಪಾಯಿಗೆ ಒಂದು ಗೋಣಿ ಕೂಡಿಸಿದ್ದೀರಿ.”

ಆವರಣ ಒಂದು ಪೊಟ್ಟಣ. ಮೊದಲು ಪೊಟ್ಟಣದ ಹೊರಗಿನ ದರವನ್ನು ಭಾಗಿಸಿ ತೆಗೆಯಬೇಕು: 26,000 ÷ 400 = 65 ಕಿಲೋ. ಈಗ ಎರಡೂ ಬದಿ ಕಿಲೋ, ಗೋಣಿ ಕೂಡಿಸಬಹುದು: 66. ಅಂಗಡಿಯವರ ತೂಕ ಗ್ರಾಮಿನಷ್ಟೂ ತಪ್ಪಿರಲಿಲ್ಲ. ನನ್ನ ಅಪ್ಪ ಐದನೇ ಕ್ಲಾಸಿನವರೆಗೆ ಓದಿದವರು. ಚೀಟಿಯಲ್ಲಿ ಪ್ರತಿ ಅಂಕಿಯ ಪಕ್ಕ ರೂ., ಕೆ.ಜಿ. ಎಂದು ಬರೆಯದೆ ಮುಂದಿನ ಸಾಲಿಗೆ ಹೋಗುತ್ತಿರಲಿಲ್ಲ. ಅದು ಹಳೇ ಕಾಲದವರ ನಿಧಾನ ಎಂದುಕೊಂಡಿದ್ದೆ. ಆ ಮೇಲೆ ತರಗತಿಯಲ್ಲೂ ಸೂತ್ರದ ಪ್ರತಿ ಅಕ್ಷರದ ಕೆಳಗೆ ಅದರ ಅಳತೆ ಬರೆಸಲು ಸುರು ಮಾಡಿದೆ. ರೂಪಾಯಿಯೂ ಕಿಲೋವೂ ಕೂಡುವ ಜಾಗ ಬಂದರೆ ಮಕ್ಕಳು ತಾವಾಗಿ ನಿಲ್ಲುತ್ತಾರೆ.

6. ಮಳೆ ನನ್ನ ಬಾಯಿ ಮುಚ್ಚಿಸಿತು, ಆಗ ಮಕ್ಕಳ ಮಾತು ಕೇಳಿಸಿತು.

ತಗಡಿನ ಮಾಡಿನ ಕೆಳಗೆ ಆಟಿ ತಿಂಗಳಲ್ಲಿ ಪಾಠ ಮಾಡಿದವರಿಗೆ ಇದು ಗೊತ್ತು. ಮಳೆ ಹೊಡೆಯಲು ತೊಡಗಿದರೆ ಪಕ್ಕದವನ ಮಾತೂ ಕೇಳುವುದಿಲ್ಲ. ಅಂಥ ಒಂದು ವಾರ ಗಂಟಲು ಕೂತು ಸಾಕಾಗಿ ಬೋರ್ಡಿನಲ್ಲಿ ಬರೆದೆ: ‘ಲೆಕ್ಕ ಮಾಡಿ. ಪ್ರತಿ ಸಾಲಿನ ಪಕ್ಕ ಎರಡೂ ಬದಿಗೆ ಏನು ಮಾಡಿದಿರಿ ಎಂದು ಬರೆಯಿರಿ.’ ಮಕ್ಕಳು ತಲೆ ತಗ್ಗಿಸಿ ಬರೆದರು. ನಾನು ಬೆಂಚುಗಳ ನಡುವೆ ನಡೆದೆ.

ಅಷ್ಟು ವರ್ಷ ನಾನು ನೋಡುತ್ತಿದ್ದದ್ದು ಕೊನೆಯ ಸಾಲನ್ನು ಮಾತ್ರ. ಈಗ ಪಕ್ಕದ ಟಿಪ್ಪಣಿ ಓದಿದೆ. 2ಯಾ + 6 = 10 ಎಂಬುದರ ಕೆಳಗೆ ಒಬ್ಬಳು ಯಾ + 6 = 5 ಎಂದು ಬರೆದಿದ್ದಳು. ಪಕ್ಕದಲ್ಲಿ, ‘ಎರಡೂ ಬದಿಯನ್ನು 2ರಿಂದ ಭಾಗಿಸಿದೆ.’ ಉದ್ದೇಶ ಸರಿ, ಆದರೆ ಆರು ಭಾಗವಾಗದೆ ಉಳಿದಿತ್ತು. ಅವಳ ಮನಸ್ಸಿನಲ್ಲಿ ‘ಬದಿ’ ಅಂದರೆ ಯಾ ಇರುವ ಪದ ಮಾತ್ರ. ನನ್ನ ಬಾಯಿಂದ ಹತ್ತು ಸಾವಿರ ಸಲ ಬಂದ ‘ಬದಿ’ ಎಂಬ ಶಬ್ದ ಅವಳಿಗೆ ಬೇರೆಯೇ ಆಗಿತ್ತು ಎಂದು ಮಳೆ ಬಾರದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಅಣ್ಣತಮ್ಮಂದಿರು ಪಾಲಾಗುವಾಗ ತೋಟವನ್ನು ಮಾತ್ರ ಪಾಲು ಮಾಡಿ ಗದ್ದೆಯನ್ನು ಹಾಗೇ ಬಿಟ್ಟರೆ ಏನಾಗುತ್ತದೆ ಎಂದು ಕೇಳಿದೆ. “ಕೋರ್ಟಿಗೆ ಹೋಗುತ್ತಾರೆ ಸರ್” ಎಂದಳು. ನಮ್ಮ ಕಡೆಯ ಮಕ್ಕಳಿಗೆ ಇಂಥದು ವಿವರಿಸಬೇಕಾಗಿಲ್ಲ.

7. ಒಂದೇ ಅಕ್ಷರ ಎರಡು ಕಡೆ ಕೂತಿದ್ದರೆ ಎಲ್ಲಕ್ಕಿಂತ ಹೆಚ್ಚು ಜಾಗ್ರತೆ.

ಇದು ನಾನು ಅತಿ ಹೆಚ್ಚು ನಾಚಿಕೊಂಡ ತಪ್ಪು. ನಿಧಾನವಾಗಿಯೇ ಹೇಳುತ್ತೇನೆ.

ಸಹಕಾರಿ ಚಳವಳಿಗೆ ಹೆಸರಾದ ಮೊಳಹಳ್ಳಿ ಶಿವರಾಯರು ದುಡಿದ ಊರು ನಮ್ಮ ಪುತ್ತೂರು. ಇಲ್ಲಿನ ಮಕ್ಕಳಿಗೆ ‘ಸೊಸೈಟಿ’ ಎಂಬ ಶಬ್ದ ಅಂಗನವಾಡಿಯಲ್ಲೇ ಪರಿಚಯ. ಹಾಗಾಗಿ ಸಾಲದ ಲೆಕ್ಕ ಕೊಟ್ಟೆ. ಮೊತ್ತ (ಮೊ), ಅಸಲು (ಅ), ದರ (ದ), ಕಾಲ (ಕಾ): ಮೊ = ಅ + ಅ×ದ×ಕಾ/100. ಅಸಲನ್ನು ಒಂಟಿ ಮಾಡಿ ಎಂದೆ. ಉತ್ತರ ಪತ್ರಿಕೆಯೊಂದರಲ್ಲಿ ಹೀಗಿತ್ತು: ಅ = ಮೊ − ಅ×ದ×ಕಾ/100. ರಾತ್ರಿ ಹನ್ನೊಂದು ಗಂಟೆ, ಎಡಬದಿಯಲ್ಲಿ ಅ ಒಂದೇ ನಿಂತದ್ದು ಕಂಡಿತು, ಕೆಂಪು ಪೆನ್ನಿನಲ್ಲಿ ಸರಿ ಹಾಕಿ ಪೂರ್ತಿ ಅಂಕ ಕೊಟ್ಟೆ.

ಪೇಪರು ಹಂಚಿದ ದಿನ ಅವಳ ಪಕ್ಕದವಳು ಎದ್ದು ಕೇಳಿದಳು: “ಸರ್, ಬಲಬದಿಯಲ್ಲೂ ಅ ಉಂಟಲ್ಲ? ಅ ಎಷ್ಟು ಅಂತ ಗೊತ್ತಾಗಬೇಕಾದರೆ ಅ ಎಷ್ಟು ಅಂತ ಗೊತ್ತಿರಬೇಕಾ?” ನಾನು “ಪರೀಕ್ಷೆಯಲ್ಲಿ ಅಷ್ಟು ಸಾಕು” ಎಂದುಬಿಟ್ಟೆ. ಅದು ಸುಳ್ಳು. ಮೂವತ್ತು ಜನರ ಮುಂದೆ ಹೇಳಿದ ಸುಳ್ಳು. ಅಕ್ಷರ ಒಂಟಿಯಾಗಿ ಕಂಡರೆ ಸಾಲದು, ಇನ್ನೊಂದು ಬದಿಯಲ್ಲಿ ಅದರ ನೆರಳೂ ಇರಬಾರದು.

ಮರುದಿನ ಅಂಕಿ ಕೊಟ್ಟೆ. ವರ್ಷಕ್ಕೆ ಶೇಕಡಾ 12 ಬಡ್ಡಿ, ಒಂದು ವರ್ಷ ಕಳೆದು ಕಟ್ಟಿದ್ದು 56,000. ಅಸಲು ಎಷ್ಟು? ಅರ್ಧ ತರಗತಿ 56,000ದ ಶೇಕಡಾ 12 ಕಳೆದು 49,280 ಎಂದಿತು. 49,280ಕ್ಕೆ ಶೇಕಡಾ 12 ಬಡ್ಡಿ ಸೇರಿಸಿ ನೋಡಿ ಎಂದೆ. 55,193 ರೂಪಾಯಿ 60 ಪೈಸೆ. ಎಂಟುನೂರು ಚಿಲ್ಲರೆ ಎಲ್ಲಿ ಹೋಯಿತು? ಸೊಸೈಟಿಯ ಗುಮಾಸ್ತರು ತಿಂದರು ಎಂದು ಒಬ್ಬ. ತಿಂದದ್ದು ನಮ್ಮ ದಾರಿ. ಬಡ್ಡಿ ಬಿದ್ದದ್ದು ಅಸಲಿನ ಮೇಲೆ, ನಾವು ಕಳೆದದ್ದು ಮೊತ್ತದ ಮೇಲೆ.

ಒಂದೇ ಮನೆಯವರು ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತರೂ ಟಿಕೆಟು ಒಬ್ಬರೇ ತೆಗೆಯುವ ಹಾಗೆ, ಎರಡೂ ‘ಅ’ಗಳನ್ನು ಒಟ್ಟಿಗೆ ಹೊರಗೆ ತೆಗೆಯಬೇಕು: ಅ × (1 + 12/100) = 56,000. ಆವರಣದೊಳಗೆ ಈಗ ಅ ಇಲ್ಲ, ಬರೀ 112/100. ಅದರಿಂದ ಭಾಗಿಸಿದರೆ 50,000.

ಆ ರಾತ್ರಿ ಹಳೇ ಲೀಲಾವತಿ ಅನುವಾದ ತೆಗೆದು ನೋಡಿದೆ. 1150ರ ಸುಮಾರಿನ ಪುಸ್ತಕ. ವಿಲೋಮ ಕ್ರಿಯೆಯ ಜಾಗದಲ್ಲಿ ಭಾಸ್ಕರಾಚಾರ್ಯರು ಈ ಎಡವಟ್ಟಿಗೇ ಬೇರೆ ನಿಯಮ ಕೊಟ್ಟಿದ್ದಾರೆ. ಒಂದು ಸಂಖ್ಯೆಗೆ ತನ್ನದೇ ಒಂದು ಭಾಗ ಕೂಡಿದ್ದರೆ, ಹಿಂದೆ ಬರುವಾಗ ಆ ಭಿನ್ನರಾಶಿಯ ಛೇದಕ್ಕೆ ಅಂಶವನ್ನು ಸೇರಿಸಿಕೊಂಡು ಕಳೆಯಬೇಕು. ಕೂಡಿದ್ದು 12/100 ಆದರೆ ಕಳೆಯಬೇಕಾದ್ದು 12/112. ಮಾಡಿ ನೋಡಿದೆ: 56,000ದ 12/112 ಎಂದರೆ 6,000. ಉಳಿದದ್ದು 50,000. ನನ್ನ ಅರ್ಧ ತರಗತಿ ಬಿದ್ದ ಗುಂಡಿಗೆ ಎಂಟೂವರೆ ಶತಮಾನದ ಹಿಂದೆಯೇ ಬೇಲಿ ಹಾಕಿಟ್ಟಿದ್ದರು. ಪ್ರಶ್ನೆ ಕೇಳಿದ ಹುಡುಗಿಯನ್ನು ಕರೆದು ಪುಸ್ತಕದ ಆ ಪುಟ ತೋರಿಸಿದೆ, ಮೊನ್ನೆ ಹೇಳಿದ್ದು ಸುಳ್ಳು ಎಂದೂ ಹೇಳಿದೆ. ಅಂಕ ಪಡೆದವಳ ಅಂಕ ಮಾತ್ರ ವಾಪಸು ತೆಗೆಯಲಿಲ್ಲ. ಅದು ನನ್ನ ತಪ್ಪಿಗೆ ನಾನು ಕಟ್ಟಿದ ಬಡ್ಡಿ.

8. ಇಬ್ಬರು ಸೇರಿದರೆ ಕೆಲಸ ಹೆಚ್ಚುವುದಿಲ್ಲ.

ಒಬ್ಬರು ಒಂದು ರಾಶಿ ಅಡಿಕೆ ಸುಲಿಯಲು 6 ದಿನ, ಇನ್ನೊಬ್ಬರು 3 ದಿನ. ಒಟ್ಟಿಗೆ ಕೂತರೆ? 1/ಯಾ = 1/6 + 1/3. ಒಂದೊಂದು ಪದವನ್ನೂ ತಲೆಕೆಳಗು ಮಾಡಿ ಯಾ = 6 + 3 = 9 ಎಂದು ಬರೆದವರು ಪ್ರತಿ ವರ್ಷವೂ ಇರುತ್ತಾರೆ. ಮೊದಲು ಬಲಬದಿಯನ್ನು ಕೂಡಿಸಿ 1/2 ಮಾಡಿ, ಆಮೇಲೆ ಇಡೀ ಬದಿಯನ್ನು ತಿರುಗಿಸಬೇಕು: 2 ದಿನ. ಸುಲಿಯಲು ಹೋಗುತ್ತಿದ್ದ ತಾಯಿಯ ಮಗನೊಬ್ಬ ಒಂಬತ್ತು ದಿನವೇ ಸರಿ ಎಂದು ವಾದಿಸಿದ. “ಇಬ್ಬರು ಕೂತರೆ ಮಾತಾಡುತ್ತಾರೆ ಸರ್.” ಆ ದಿನ ಗಣಿತ ಸೋತಿತು.

9. ಸೊನ್ನೆಯನ್ನು ಕಳೆದುಕೊಂಡದ್ದು.

ಯಾ × ಯಾ = 5 × ಯಾ. ಎರಡೂ ಬದಿಯಿಂದ ಒಂದೊಂದು ಯಾ ಹೊಡೆದು ಹಾಕಿ ಯಾ = 5 ಎಂದು ವರ್ಷಗಟ್ಟಲೆ ಕಲಿಸಿದೆ. ಯಾ = 0 ಕೂಡ ಉತ್ತರ. ಹೊಡೆದು ಹಾಕುವುದೆಂದರೆ ಭಾಗಿಸುವುದು, ಸೊನ್ನೆಯಿಂದ ಭಾಗಿಸುವ ಹಾಗಿಲ್ಲ. ಇದರ ಬಗ್ಗೆ ಹೆಚ್ಚು ಹೇಳಲು ಏನೂ ಇಲ್ಲ; ಗೊತ್ತಿದ್ದೂ ಮಾಡಿದೆ, ಬೇಗ ಮುಗಿಯುತ್ತದೆ ಎಂದು.

10. ಕತ್ತಿ ಅದ್ದಿ ನೋಡದೆ ಮದ್ದು ಬಿಡಬೇಡಿ.

ಬಂದ ಉತ್ತರವನ್ನು ಮೊದಲಿನ ಸಮೀಕರಣಕ್ಕೆ ಹಾಕಿ ತಾಳೆ ನೋಡಿ ಎಂದು ನಾನೂ ಹೇಳುತ್ತಿದ್ದೆ. ಮಕ್ಕಳು ಮಾಡುತ್ತಿರಲಿಲ್ಲ. ನಾನೂ ಮಾಡುತ್ತಿರಲಿಲ್ಲ, ಮಾಡಿದ್ದರೆ ಜ್ವರದ ಹುಡುಗ ತಂಪಾಗುತ್ತಿರಲಿಲ್ಲ, ಅಂಗಡಿಗೆ ಛತ್ರಿ ಹಿಡಿದು ಹೋಗುತ್ತಲೂ ಇರಲಿಲ್ಲ.

ನಿವೃತ್ತಿಯ ಮೇಲೆ ತೋಟ ನೋಡಿಕೊಳ್ಳಲು ತೊಡಗಿದೆ. ಮಳೆ ಸುರುವಾಗುವ ಹೊತ್ತಿಗೆ ಅಡಿಕೆಗೆ ಕೊಳೆರೋಗ ಬಾರದ ಹಾಗೆ ಬೋರ್ಡೋ ಮದ್ದು ಬಿಡಬೇಕು. 100 ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ; ಅದು ಶೇಕಡಾ ಒಂದರ ದ್ರಾವಣ. ಕಳೆದ ಸಲ ಕೊನೆಗೆ ತುತ್ತು 800 ಗ್ರಾಂ ಉಳಿಯಿತು. ನೀರೆಷ್ಟು? ನಾನು ಜೇಬಿನಿಂದ ಪೆನ್ನು ತೆಗೆದು ತುತ್ತು = ಶೇಕಡಾ × ನೀರು / 100 ಎಂದು ಬರೆದು ನೀರನ್ನು ಒಂಟಿ ಮಾಡುವಷ್ಟರಲ್ಲಿ ಮದ್ದು ಬಿಡಲು ಬಂದವರು ಡ್ರಮ್ಮಿಗೆ ನೀರು ಹಿಡಿದಾಗಿತ್ತು. “ಎಂಬತ್ತಲ್ಲವಾ ಮಾಷ್ಟ್ರೇ” ಎಂದರು. ಹೌದು, ಎಂಬತ್ತೇ.

ಅವರು ಅರ್ಧ ನೀರಿನಲ್ಲಿ ಸುಣ್ಣ, ಇನ್ನರ್ಧದಲ್ಲಿ ತುತ್ತು ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ತುತ್ತಿನ ನೀರನ್ನು ನಿಧಾನ ಹೊಯ್ದರು. ಅದೇಕೆ, ಸುಣ್ಣವನ್ನೇ ತುತ್ತಿಗೆ ಹೊಯ್ದರೆ ಆಗದೇ ಎಂದೆ. ಆಗುವುದಿಲ್ಲ ಎಂದರು. ಇಲ್ಲೂ ಕ್ರಮ ಉಂಟು, ಇಲ್ಲೂ ಕಿರೀಟ ಯಾವುದೆಂದು ಗೊತ್ತಿರಬೇಕು. ಆಮೇಲೆ ಸೊಂಟದ ಕೊಕ್ಕೆಯಿಂದ ಕತ್ತಿ ತೆಗೆದು, ಅಲಗನ್ನು ನೀಲಿ ನೀರಿನಲ್ಲಿ ಅದ್ದಿ ಸ್ವಲ್ಪ ಹೊತ್ತು ಹಿಡಿದರು. ತುತ್ತು ಹೆಚ್ಚಾಗಿ ಸುಣ್ಣ ಸಾಲದಿದ್ದರೆ ಕಬ್ಬಿಣದ ಮೇಲೆ ತಾಮ್ರ ಕೂತು ಅಲಗು ಕೆಂಪಾಗುತ್ತದೆ. ಅಂಥ ಮದ್ದು ಬಿಟ್ಟರೆ ಹಿಂಗಾರ, ಎಲೆ ಸುಡುತ್ತದೆ.

“ತೂಕಕ್ಕೆ ತೂಕ ಸಮಸಮ ಹಾಕಿದ್ದೇವಲ್ಲ, ಇನ್ನು ನೋಡುವುದು ಎಂಥದು?” ಎಂದು ನಾನು ಕೇಳಿದೆ. ಅವರು ಉತ್ತರ ಕೊಡಲಿಲ್ಲ. ಕತ್ತಿಯನ್ನು ಮೇಲೆತ್ತಿ ನನ್ನ ಮುಖದ ಹತ್ತಿರ ಹಿಡಿದರು. ತುದಿಯಲ್ಲಿ ತೆಳ್ಳಗೆ ಕೆಂಪು. ನಾನು ಒಳಗೆ ಹೋಗಿ ಸುಣ್ಣದ ಚೀಲ ತಂದೆ.